ಹ್ಯಾರಿಯೆಟ್ ಟಬ್‌ಮನ್: ತಲೆಗೆ ಬಿದ್ದ ಪೆಟ್ಟು, ಕತ್ತಲಲ್ಲಿ ಕಾದು ಕೂತ ಜನ

ಹೊಂಗನೂರಿನ ಬಸ್ ಸ್ಟಾಪಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಏನಾಗುತ್ತೆ ಅಂತ ಚನ್ನಪಟ್ಟಣದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬರು ಬೀಗದ ಕೈ ಹುಡುಕ್ತಾರೆ, ಇನ್ನೊಬ್ಬರು ಚಪ್ಪಲಿ ಮೂಸಿಸಿ ಅಂತಾರೆ, ಮಗದೊಬ್ಬರು ಈರುಳ್ಳಿ ತರೋಕೆ ಓಡ್ತಾರೆ. ಎರಡು ನಿಮಿಷಕ್ಕೆ ಸೆಳೆತ ನಿಲ್ಲುತ್ತೆ. ಬೀಗದ ಕೈಯಿಂದಲೇ ನಿಂತಿತು ಅಂದುಕೊಂಡು ಜನ ಚದುರುತ್ತಾರೆ. ಬಿದ್ದವರು ಎದ್ದು ಧೂಳು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆ ದಾರಿ ಹಿಡೀತಾರೆ. ಅವರ ನಿಜವಾದ ಕಷ್ಟ ಶುರುವಾಗೋದು ಆಮೇಲೆ. ಸುದ್ದಿ ಊರಲ್ಲಿ ಹರಡುತ್ತೆ. ಕೆಲಸ ಹೋಗುತ್ತೆ, ಇಲ್ಲವೇ ಬಂದಿದ್ದ ಸಂಬಂಧ ತಪ್ಪುತ್ತೆ.

ನಮ್ಮ ಭಾಗಕ್ಕೆ ಈ ವಿಷಯ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ರಾಮನಗರ ಕಡೆಯ ಹುಡುಗರು ದಿನಾ ಬಿಡದಿ ಫ್ಯಾಕ್ಟರಿಗೋ ಬೆಂಗಳೂರಿಗೋ ಬೈಕಲ್ಲಿ ಹೋಗಿ ಬರುವವರು. 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ಹೊತ್ತಿಗೆ, ಅಪಘಾತಗಳ ಕಾರಣಕ್ಕೆ, ಬೈಕು ಆಟೋಗಳನ್ನು ಮುಖ್ಯರಸ್ತೆಯಿಂದ ಹೊರಗಿಡಬೇಕಾಯಿತು. ಅಪಘಾತವಾದಾಗ ನಾವು ಸತ್ತವರನ್ನು ಲೆಕ್ಕ ಹಾಕ್ತೀವಿ. ತಲೆಗೆ ಪೆಟ್ಟು ಬಿದ್ದು, ಹೊಲಿಗೆ ಹಾಕಿಸಿಕೊಂಡು, ಬದುಕಿ ಮನೆಗೆ ಬಂದವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ಅವರಲ್ಲಿ ಕೆಲವರಿಗೆ ತಿಂಗಳುಗಳ ನಂತರ, ಒಮ್ಮೊಮ್ಮೆ ವರ್ಷಗಳ ನಂತರ, ಮೊದಲ ಸಲ ಫಿಟ್ಸ್ ಬರುತ್ತೆ. ಗಾಯ ಮಾಗಿ ಹಳೇದಾಗಿರುತ್ತೆ. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯೋದಿಲ್ಲ. ಮನೆಯವರು ಗ್ರಹಚಾರ ಅಂತಾರೆ, ಗಾಳಿ ಅಂತಾರೆ.

ತಲೆಗೆ ಪೆಟ್ಟು ಬಿದ್ದು ಫಿಟ್ಸ್ ಬಂದವರ ಕಥೆಗಳಲ್ಲಿ ಲೋಕಕ್ಕೆಲ್ಲ ಗೊತ್ತಿರಬೇಕಾದ ಒಂದು ಕಥೆ ಇದೆ. ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ, ತಾನು ತಪ್ಪಿಸಿಕೊಂಡು, ಮತ್ತೆ ಮತ್ತೆ ವಾಪಸ್ ಹೋಗಿ ತನ್ನವರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಕಥೆ ಅದು. ಆಕೆಯ ಧೈರ್ಯದ ಬಗ್ಗೆ ಪೋಸ್ಟರುಗಳಿವೆ, ಸಿನಿಮಾ ಇದೆ. ಆಕೆ ಜೀವನಪೂರ್ತಿ, ಮಾತಾಡ್ತಾ ಮಾತಾಡ್ತಾ, ನಡೀತಾ ನಡೀತಾ ಪ್ರಜ್ಞೆ ಕಳೆದುಕೊಳ್ಳುತ್ತಿದ್ದಳು ಅನ್ನೋದು ಮಾತ್ರ ಪೋಸ್ಟರಿನ ಮೂಲೆಗೂ ಬರೋದಿಲ್ಲ.

ಬಾಡಿಗೆಗೆ ಕೊಟ್ಟ ಮಗು

ಹುಟ್ಟಿದ್ದು ಸುಮಾರು 1822ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ. ಇಟ್ಟ ಹೆಸರು ಅರಾಮಿಂಟಾ ರಾಸ್, ಕರೆಯುತ್ತಿದ್ದದ್ದು ಮಿಂಟಿ ಅಂತ. ಅಪ್ಪ ಬೆನ್, ಅಮ್ಮ ರಿಟ್. ಒಂಬತ್ತು ಮಕ್ಕಳಲ್ಲಿ ಈಕೆ ಒಬ್ಬಳು. ಅಮ್ಮ ಬ್ರೋಡೆಸ್ ಅನ್ನೋ ಕುಟುಂಬದ ಆಸ್ತಿ. ಹಾಗಾಗಿ ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಅದೇ ಕುಟುಂಬದ ಆಸ್ತಿ. ಕಾನೂನು ಹಾಗಿತ್ತು.

ಜೀತ ಅಂದರೆ ಏನು ಅಂತ ನಮ್ಮ ಹಿರಿಯರಿಗೆ ಗೊತ್ತು. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂದ ಮೇಲೂ ಅದು ಪೂರ್ತಿ ಅಳಿಯಲಿಲ್ಲ ಅನ್ನೋದೂ ಗೊತ್ತು. ಜೀತದ ನೆಪ ಸಾಲ. ಅಮೆರಿಕದ ಗುಲಾಮಗಿರಿಗೆ ಆ ನೆಪವೂ ಬೇಕಿರಲಿಲ್ಲ. ಮನುಷ್ಯರೇ ಸರಕು. ಮಾರಬಹುದು, ಅಡ ಇಡಬಹುದು, ಉಯಿಲಿನಲ್ಲಿ ಬರೆದು ಕೊಡಬಹುದು, ಬೇರೆಯವರಿಗೆ ಬಾಡಿಗೆಗೆ ಬಿಟ್ಟು ದುಡ್ಡು ಎಣಿಸಬಹುದು.

ಮಿಂಟಿಯನ್ನು ಐದಾರು ವರ್ಷಕ್ಕೇ ಬಾಡಿಗೆಗೆ ಕೊಟ್ಟರು. ಒಂದು ಮನೆಯಲ್ಲಿ ರಾತ್ರಿಯೆಲ್ಲ ಕೂಸು ತೂಗುವ ಕೆಲಸ. ಕೂಸು ಎದ್ದು ಅತ್ತರೆ ಇವಳಿಗೆ ಚಾವಟಿ ಏಟು. ಆ ಗುರುತುಗಳು ಕತ್ತಿನ ಮೇಲೆ ಕೊನೇ ತನಕ ಉಳಿದವು. ಇನ್ನೊಂದು ಮನೆಯಲ್ಲಿ ಜೌಗು ನೀರಿಗಿಳಿದು ಪ್ರಾಣಿ ಹಿಡಿಯುವ ಬೋನುಗಳನ್ನು ನೋಡಿ ಬರುವ ಕೆಲಸ. ದಡಾರ ಬಂದು ಮೈ ಸುಡುತ್ತಿದ್ದಾಗಲೂ ನೀರಿಗೆ ಇಳಿಸಿದರು. ಅಕ್ಕಂದಿರು ಮೂವರನ್ನು ದೂರದ ದಕ್ಷಿಣಕ್ಕೆ ಮಾರಿದರು. ಅವರು ಏನಾದರು ಅಂತ ಮನೆಯವರಿಗೆ ಮತ್ತೆ ತಿಳಿಯಲೇ ಇಲ್ಲ. ಕಿರಿಯ ತಮ್ಮ ಮೋಸೆಸ್‌ನನ್ನು ಕೊಳ್ಳಲು ವ್ಯಾಪಾರಿ ಬಂದಾಗ ಮಾತ್ರ ಅಮ್ಮ ರಿಟ್ ಮಗುವನ್ನು ಒಂದು ತಿಂಗಳ ಕಾಲ ಬಚ್ಚಿಟ್ಟಳು. ಕೊನೆಗೆ ಅವರು ಗುಡಿಸಲಿಗೇ ಬಂದಾಗ, ಒಳಗೆ ಕಾಲಿಟ್ಟವನ ತಲೆ ಸೀಳ್ತೀನಿ ಅಂತ ಬಾಗಿಲಿಗೆ ಅಡ್ಡ ನಿಂತಳು. ಮಾರಾಟ ನಿಂತುಹೋಯಿತು. ಎದುರು ನಿಂತರೆ ನಿಲ್ಲಿಸಬಹುದು ಅನ್ನೋದನ್ನು ಮಿಂಟಿ ಕಲಿತದ್ದು ಮನೆಯಲ್ಲೇ.

ತೂಕದ ಕಲ್ಲು

ಆಗ ಆಕೆಗೆ ಹನ್ನೆರಡೋ ಹದಿನೈದೋ. ಹುಟ್ಟಿದ ತಾರೀಖು ಬರೆದಿಟ್ಟವರಿಲ್ಲದ ಕಾರಣ ಯಾವ ವಯಸ್ಸೂ ಖಚಿತವಲ್ಲ. ಬಕ್‌ಟೌನ್ ಅನ್ನೋ ಹಳ್ಳಿಯ ಅಂಗಡಿಗೆ ಸಾಮಾನು ತರಲು ಹೋಗಿದ್ದಳು. ಅಲ್ಲಿ ಇನ್ನೊಂದು ಹೊಲದ ಗುಲಾಮ ಹುಡುಗನೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟು ಬಂದಿದ್ದ. ಮೇಲ್ವಿಚಾರಕ ಅವನನ್ನು ಅಟ್ಟಿಸಿಕೊಂಡು ಬಂದ. ಅವನನ್ನು ಹಿಡಿದು ಕಟ್ಟೋಕೆ ಸಹಾಯ ಮಾಡು ಅಂತ ಮಿಂಟಿಗೆ ಅಪ್ಪಣೆಯಾಯಿತು. ಆಕೆ ಆಗಲ್ಲ ಅಂದಳು. ಹುಡುಗ ಓಡಿದ. ಮೇಲ್ವಿಚಾರಕ ಕೌಂಟರಿನ ಮೇಲಿದ್ದ ತಕ್ಕಡಿಯ ಎರಡು ಪೌಂಡಿನ ತೂಕದ ಕಲ್ಲನ್ನು ಎತ್ತಿ ಅವನತ್ತ ಬೀಸಿದ. ಅದು ಬಂದು ಬಡಿದದ್ದು ಮಿಂಟಿಯ ತಲೆಗೆ. ನಮ್ಮ ಲೆಕ್ಕದಲ್ಲಿ ಸುಮಾರು 900 ಗ್ರಾಂ. ಸಂತೆಯಲ್ಲಿ ಒಂದು ಕೇಜಿ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಪೆಟ್ಟು ಏನು ಅಂತ ಗೊತ್ತಾದೀತು.

ತಲೆಬುರುಡೆ ಒಡೆಯಿತು. ಬಾಚಣಿಗೆ ಕಾಣದೆ ಬುಟ್ಟಿಯ ಹಾಗೆ ಬೆಳೆದಿದ್ದ ದಟ್ಟ ಕೂದಲೇ ತನ್ನನ್ನು ಉಳಿಸಿರಬಹುದು ಅಂತ ಆಕೆ ಮುಂದೆ ಹೇಳಿಕೊಳ್ಳುತ್ತಿದ್ದಳು. ರಕ್ತ ಸೋರುತ್ತಿದ್ದವಳನ್ನು ಹೊತ್ತು ತಂದರು. ಮನೆಯಲ್ಲಿ ಮಂಚ ಇರಲಿಲ್ಲ. ಮಗ್ಗದ ಹಲಗೆಯ ಮೇಲೆ ಮಲಗಿಸಿದರು. ವೈದ್ಯರಿಲ್ಲ, ಔಷಧಿ ಇಲ್ಲ. ಎರಡು ದಿನ ಕಳೆದ ಮೇಲೆ ಮತ್ತೆ ಹೊಲಕ್ಕೆ ಕಳಿಸಿದರು. ಬೆವರಿನ ಜೊತೆ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಹಾಗೇ ಕೆಲಸ ಮಾಡಿದಳು.

ಇಲ್ಲಿ ಒಂದು ಮಾತು ಗಮನಿಸಬೇಕು. ಇದನ್ನು ಅಪಘಾತ ಅಂತ ಕರೆಯೋದು ಸುಲಭ. ಕಲ್ಲು ಬೇರೆಯವನಿಗೆ ಬೀಸಿದ್ದು, ತಪ್ಪಿ ಇವಳಿಗೆ ಬಿತ್ತು. ಆದರೆ ತನ್ನವನನ್ನು ಕಟ್ಟಿಹಾಕೋದಿಲ್ಲ ಅಂದಿದ್ದಕ್ಕೇ ಆಕೆ ಆ ಕಲ್ಲಿನ ದಾರಿಯಲ್ಲಿ ನಿಂತಿದ್ದಳು. ಮಿಂಟಿಯ ಮೊದಲ ಸಾರ್ವಜನಿಕ ಅಸಹಕಾರವೂ ಆಕೆಯ ಕಾಯಿಲೆಯೂ ಶುರುವಾಗಿದ್ದು ಒಂದೇ ಕ್ಷಣದಲ್ಲಿ.

ಸ್ವಲ್ಪ ದಿನಗಳಲ್ಲೇ ಬದಲಾವಣೆ ಕಾಣತೊಡಗಿತು. ಮಾತಿನ ನಡುವೆ ಇದ್ದಕ್ಕಿದ್ದಂತೆ ತಲೆ ವಾಲಿ ನಿದ್ದೆಗೆ ಜಾರಿದಂತಾಗುತ್ತಿತ್ತು. ಅಲುಗಾಡಿಸಿದರೂ ಏಳುತ್ತಿರಲಿಲ್ಲ. ಕೆಲವು ನಿಮಿಷಗಳ ನಂತರ ಕಣ್ಣುಬಿಟ್ಟು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ಜೊತೆಗೆ ತಡೆಯಲಾರದ ತಲೆನೋವು. ಯಾರಿಗೂ ಕಾಣದ ಬೆಳಕು, ಯಾರಿಗೂ ಕೇಳದ ಹಾಡು, ಹಾರಿ ಹೋಗುತ್ತಿರುವಂಥ ಕನಸುಗಳು. ದೇವರನ್ನು ಗಾಢವಾಗಿ ನಂಬಿದ್ದ ಆಕೆಗೆ ಇವು ದೇವರೇ ಕೊಟ್ಟ ಸೂಚನೆಗಳು.

ಇವತ್ತಿನ ಇತಿಹಾಸಕಾರರಲ್ಲಿ ಹಲವರು ಇದನ್ನು ಮೆದುಳಿನ ಟೆಂಪೊರಲ್ ಲೋಬ್‌ನಲ್ಲಿ ಹುಟ್ಟುವ ಮೂರ್ಛೆರೋಗ ಅಂತ ಗುರುತಿಸುತ್ತಾರೆ. ಕಿವಿಯ ಮೇಲ್ಭಾಗದಲ್ಲಿರುವ ಈ ಭಾಗಕ್ಕೆ ನೆನಪು, ಶಬ್ದ, ಭಾವನೆ ಎಲ್ಲದರ ಜೊತೆ ನಂಟಿದೆ. ಅಲ್ಲಿ ಏಳುವ ವಿದ್ಯುತ್ ಅಲೆಗೆ ಕೈಕಾಲು ಸೆಳೆಯಲೇಬೇಕಂತಿಲ್ಲ. ಮನುಷ್ಯ ಕೆಲ ಹೊತ್ತು ಇಲ್ಲಿಂದ ಎದ್ದು ಹೋದ ಹಾಗೆ ಆಗಬಹುದು, ಇಲ್ಲದ್ದು ಕಾಣಬಹುದು, ಕೇಳಬಹುದು. ನಿದ್ರಾರೋಗ ಇದ್ದಿರಬಹುದು ಅನ್ನೋ ವಾದವೂ ಇದೆ. ಮೆದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಬಂದದ್ದು 1920ರ ದಶಕದಲ್ಲಿ, ಆಕೆ ತೀರಿಕೊಂಡ ಮೇಲೆ. ಹಾಗಾಗಿ ಇದೆಲ್ಲ ಹಿಂದಿರುಗಿ ನೋಡಿ ಮಾಡಿದ ಊಹೆ. ತಲೆಗೆ ಪೆಟ್ಟು ಬಿದ್ದ ಮೇಲೆಯೇ ಶುರುವಾಯಿತು, ಸಾಯೋವರೆಗೂ ಹೋಗಲಿಲ್ಲ ಅನ್ನೋದು ಊಹೆಯಲ್ಲ.

ಬೆಲೆ ಕಟ್ಟದ ಸಂತೆ

ಹುಷಾರಿಲ್ಲದ ಗುಲಾಮಳನ್ನು ಇಟ್ಟುಕೊಂಡು ಏನು ಲಾಭ? ಮಾಲೀಕ ಎಡ್ವರ್ಡ್ ಬ್ರೋಡೆಸ್ ಆಕೆಯನ್ನು ಮಾರಲು ನೋಡಿದ. ಕೊಳ್ಳುವವರು ಬಂದು ನೋಡಿ ಹೋದರು, ಯಾರೂ ಕೊಳ್ಳಲಿಲ್ಲ. ಮಾರುಕಟ್ಟೆ ಆಕೆಗೆ ಬೆಲೆಯಿಲ್ಲ ಅಂದಿತು. ನಿಧಾನವಾಗಿ ಚೇತರಿಸಿಕೊಂಡ ಆಕೆ ಅಪ್ಪನ ಜೊತೆ ಕಾಡಿನಲ್ಲಿ ಮರ ಕಡಿಯುವ, ದಿಮ್ಮಿ ಎಳೆಯುವ ಕೆಲಸಕ್ಕೆ ಇಳಿದಳು. ಐದಡಿ ಎತ್ತರದ ಹೆಂಗಸು ಗಂಡಸರ ಸಮಕ್ಕೆ ದುಡಿದಳು. ಕಾಡಿನ ದಾರಿ, ಹೊಳೆ, ನಕ್ಷತ್ರ, ಹಡಗಿನ ಕರಿಯ ಕೆಲಸಗಾರರು ತರುವ ಸುದ್ದಿ ಎಲ್ಲ ತಿಳಿದದ್ದು ಆಗಲೇ. ಓದು ಬರಹ ಮಾತ್ರ ಕೊನೇ ತನಕ ಬರಲಿಲ್ಲ.

1844ರ ಸುಮಾರಿಗೆ ಜಾನ್ ಟಬ್‌ಮನ್ ಅನ್ನೋ ಸ್ವತಂತ್ರ ಕರಿಯನನ್ನು ಮದುವೆಯಾದಳು. ಅಮ್ಮನ ಹೆಸರು ಹ್ಯಾರಿಯೆಟ್ ಅನ್ನೋದನ್ನೇ ತನ್ನ ಹೆಸರಾಗಿ ಇಟ್ಟುಕೊಂಡಳು. 1849ರಲ್ಲಿ ಬ್ರೋಡೆಸ್ ಸತ್ತ. ಸಾಲ ತೀರಿಸಲು ಗುಲಾಮರನ್ನು ಮಾರುತ್ತಾರೆ ಅನ್ನೋ ಸುದ್ದಿ ಹಬ್ಬಿತು. ಸೆಪ್ಟೆಂಬರ್ 17ರಂದು ಆಕೆ, ಇಬ್ಬರು ಸೋದರರಾದ ಬೆನ್ ಮತ್ತು ಹೆನ್ರಿ ಜೊತೆ ಓಡಿಹೋದಳು.

ಮಾಲೀಕನ ಹೆಂಡತಿ ಪತ್ರಿಕೆಯಲ್ಲಿ ಹಾಕಿಸಿದ ಜಾಹೀರಾತು ಇವತ್ತಿಗೂ ಉಳಿದಿದೆ. ರಾಜ್ಯದ ಹೊರಗೆ ಸಿಕ್ಕರೆ ತಲಾ 100 ಡಾಲರ್ ಬಹುಮಾನ. ಹೆನ್ರಿಯ ಕುತ್ತಿಗೆಯಲ್ಲಿ ಗಂಟು ಇದೆ ಅಂತ ಅದರಲ್ಲಿ ಗುರುತು ಬರೆಸಿದ್ದಾರೆ. ಮಿಂಟಿಗೆ ಸುಮಾರು 27 ವರ್ಷ, ನೋಡಲು ಚೆನ್ನಾಗಿದ್ದಾಳೆ, ಐದಡಿ ಎತ್ತರ ಅಂತ ಇದೆ. ಎಲ್ಲೆಂದರಲ್ಲಿ ಪ್ರಜ್ಞೆ ತಪ್ಪುತ್ತೆ ಅನ್ನೋ ಮಾತೇ ಇಲ್ಲ. ಮೂರ್ಛೆರೋಗದ ಸ್ವಭಾವವೇ ಅದು. ಎರಡು ಸೆಳೆತಗಳ ನಡುವೆ ಅದು ಯಾರ ಕಣ್ಣಿಗೂ ಕಾಣೋದಿಲ್ಲ.

ಸೋದರರು ಹೆದರಿ ವಾಪಸ್ ಹೊರಟರು, ಆಕೆಯನ್ನೂ ಕರೆತಂದರು. ಸ್ವಲ್ಪ ದಿನಕ್ಕೇ ಆಕೆ ಒಬ್ಬಳೇ ಹೊರಟಳು. ರಾತ್ರಿ ನಡಿಗೆ, ಹಗಲು ಅಡಗುವುದು. ಧ್ರುವ ನಕ್ಷತ್ರವೇ ದಿಕ್ಕು. ದಾರಿಯಲ್ಲಿ ಗುಟ್ಟಾಗಿ ನೆರವಾಗುವ ಮನೆಗಳು. ಈ ಮನೆಗಳ, ಮನುಷ್ಯರ ಜಾಲಕ್ಕೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಹೆಸರು. ರೈಲೂ ಇರಲಿಲ್ಲ, ಹಳಿಯೂ ಇರಲಿಲ್ಲ. ಸುಮಾರು 145 ಕಿಲೋಮೀಟರ್ ದಾಟಿ ಗುಲಾಮಗಿರಿ ಇಲ್ಲದ ಪೆನ್ಸಿಲ್ವೇನಿಯಾ ರಾಜ್ಯ ಸೇರಿದಳು. ಒಂಟಿ ಹೆಂಗಸು, ಯಾವಾಗ ಎಲ್ಲಿ ಪ್ರಜ್ಞೆ ತಪ್ಪುತ್ತೋ ಗೊತ್ತಿಲ್ಲ, ಹಿಂದೆ ಬೇಟೆ ನಾಯಿಗಳ ಭಯ.

ಕಾದವರು

ಅಲ್ಲಿಗೇ ಕಥೆ ಮುಗಿಸಬಹುದಿತ್ತು. ಫಿಲಡೆಲ್ಫಿಯಾದಲ್ಲಿ ಪಾತ್ರೆ ತೊಳೆದು, ಅಡಿಗೆ ಮಾಡಿ ದುಡ್ಡು ಕೂಡಿಸಿದಳು, ವಾಪಸ್ ಹೋದಳು. 1850ರ ಡಿಸೆಂಬರಿನಲ್ಲಿ ಅಕ್ಕನ ಮಗಳು ಕೆಸಾಯಾ ಮತ್ತು ಅವಳ ಇಬ್ಬರು ಮಕ್ಕಳನ್ನು ಕೇಂಬ್ರಿಜ್ ಊರಿನ ಕೋರ್ಟಿನ ಮುಂದೆ ಹರಾಜಿಗೆ ನಿಲ್ಲಿಸಿದ್ದರು. ಕೆಸಾಯಾಳ ಗಂಡ, ಸ್ವತಂತ್ರನಾಗಿದ್ದವನು, ತಾನೇ ಹರಾಜು ಕೂಗಿದ. ದುಡ್ಡು ಕಟ್ಟುವ ಹೊತ್ತಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾಯವಾಗಿದ್ದ. ದೋಣಿಯಲ್ಲಿ ಬಾಲ್ಟಿಮೋರ್ ತಲುಪಿದ ಅವರನ್ನು ಹ್ಯಾರಿಯೆಟ್ ಮುಂದಕ್ಕೆ ಕರೆದೊಯ್ದಳು.

ಅದೇ ವರ್ಷ ಬಂದ ಹೊಸ ಕಾನೂನಿನ ಪ್ರಕಾರ, ತಪ್ಪಿಸಿಕೊಂಡವರು ಉತ್ತರದ ರಾಜ್ಯಗಳಲ್ಲಿ ಸಿಕ್ಕರೂ ಹಿಡಿದು ವಾಪಸ್ ಕೊಡಬೇಕಿತ್ತು. ಹಾಗಾಗಿ ದಾರಿ ಕೆನಡಾದವರೆಗೂ ಉದ್ದವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಆಕೆ ಸುಮಾರು 13 ಸಲ ಮೇರಿಲ್ಯಾಂಡಿಗೆ ಹೋಗಿ ಸುಮಾರು 70 ಜನರನ್ನು ಬಿಡಿಸಿ ತಂದಳು. ಇನ್ನೂ ಹಲವರಿಗೆ ದಾರಿ ಹೇಳಿಕೊಟ್ಟಳು. 19 ಸಲ, 300 ಜನ ಅಂತ ವಾಟ್ಸಾಪಲ್ಲೂ ಪುಸ್ತಕದಲ್ಲೂ ಓದಿರ್ತೀರಿ. ಅದು ಆಕೆಯ ಮೊದಲ ಜೀವನಚರಿತ್ರೆ ಬರೆದ ಸಾರಾ ಬ್ರಾಡ್‌ಫರ್ಡ್ ಹಿಗ್ಗಿಸಿದ ಲೆಕ್ಕ. 70 ಅನ್ನೋದೇ ಸಾಕಷ್ಟು ದೊಡ್ಡ ಸಂಖ್ಯೆ. ಒಬ್ಬರೂ ದಾರಿಯಲ್ಲಿ ಸಿಕ್ಕಿಬೀಳಲಿಲ್ಲ.

ಆಕೆಯ ಲೆಕ್ಕಾಚಾರ ಗಟ್ಟಿಯಾಗಿತ್ತು. ರಾತ್ರಿ ಉದ್ದವಾಗಿರುವ, ಜನ ಮನೆಯೊಳಗೇ ಇರುವ ಚಳಿಗಾಲದಲ್ಲಿ ಹೆಚ್ಚಾಗಿ ಹೋಗುತ್ತಿದ್ದಳು. ಶನಿವಾರ ರಾತ್ರಿ ಹೊರಟರೆ ಸೋಮವಾರದ ತನಕ ಪತ್ರಿಕೆಯಲ್ಲಿ ಜಾಹೀರಾತು ಬರೋದಿಲ್ಲ, ಒಂದು ದಿನ ಮುಂದಿರಬಹುದು. ಕೂಸುಗಳು ಅಳದಂತೆ ಅಫೀಮಿನ ಔಷಧಿ ಕೊಡುತ್ತಿದ್ದಳು. ಸೊಂಟದಲ್ಲಿ ಪಿಸ್ತೂಲು. ಅರ್ಧ ದಾರಿಯಲ್ಲಿ ಹೆದರಿ ವಾಪಸ್ ಹೋಗ್ತೀನಿ ಅಂದವರಿಗೆ ಅದನ್ನೇ ತೋರಿಸುತ್ತಿದ್ದಳು. ಒಬ್ಬ ತಿರುಗಿ ಹೋದರೆ ನೆರವಾದ ಎಲ್ಲರ ಮನೆಯೂ ಹಾಳು.

ಈ ಕಟ್ಟುನಿಟ್ಟಿನ ನಾಯಕಿಗೆ ದಾರಿ ಮಧ್ಯೆ ಪ್ರಜ್ಞೆ ತಪ್ಪುತ್ತಿತ್ತು. ಆ ಗುಂಪನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕಾಡು, ಚಳಿ, ಕತ್ತಲು. ಹೆಂಗಸರು, ಗಂಡಸರು, ಬಟ್ಟೆ ಸುತ್ತಿದ ಕೂಸುಗಳು. ಮುಂದಿನ ದಾರಿ ಗೊತ್ತಿರೋದು ಒಬ್ಬಳಿಗೇ. ಅವಳೀಗ ಮರದ ಬುಡದಲ್ಲಿ ಮಲಗಿದ್ದಾಳೆ, ಏಳುತ್ತಿಲ್ಲ. ಹಿಂದೆ ಹುಡುಕುವವರಿದ್ದಾರೆ. ಬಿಟ್ಟು ಓಡಬಹುದಿತ್ತು. ಅವರು ಕಾದರು. ಆಕೆ ಕಣ್ಣುಬಿಡುವ ತನಕ ಸುಮ್ಮನೆ ಕೂತು, ಎದ್ದಮೇಲೆ ಮತ್ತೆ ಆಕೆಯ ಹಿಂದೆ ಹೊರಟರು.

ಆಕೆಯ ಬದುಕಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣೋದು ಇದೇ. ಕಾಯಿಲೆಯನ್ನು ಇಚ್ಛಾಶಕ್ತಿಯಿಂದ ಗೆದ್ದಳು ಅಂತ ಬರೆಯೋದು ಸುಳ್ಳು. ಗೆಲ್ಲಲಿಲ್ಲ, ಅದು ಹೋಗಲೇ ಇಲ್ಲ. ಕಾಯಿಲೆಯೇ ಆಕೆಗೆ ದಿವ್ಯಶಕ್ತಿ ಕೊಟ್ಟಿತು ಅನ್ನೋದೂ ಅಷ್ಟೇ ಅಪಾಯದ ಮಾತು. ನಮ್ಮೂರಲ್ಲಿ ಮೈಮೇಲೆ ದೇವರು ಬಂತು ಅಂದುಕೊಂಡು ಮಾತ್ರೆ ನಿಲ್ಲಿಸಿದವರ ಕಥೆಯೂ ಅಲ್ಲಿಂದಲೇ ಶುರುವಾಗೋದು. ಸಂತೆಯಲ್ಲಿ ಬೆಲೆಯಿಲ್ಲ ಅನ್ನಿಸಿಕೊಂಡವಳು ಕಾಡಿನಲ್ಲಿ ನಾಯಕಿಯಾದಳು. ಎರಡೂ ಕಡೆ ಮೈ ಅದೇ, ಕಾಯಿಲೆ ಅದೇ. ಬದಲಾಗಿದ್ದು ಸುತ್ತ ನಿಂತಿದ್ದ ಜನ.

ಯುದ್ಧ, ಸಂಬಳ, ಪಿಂಚಣಿ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. 1862ರಲ್ಲಿ ಆಕೆ ದಕ್ಷಿಣ ಕ್ಯಾರೊಲಿನಾದ ಪೋರ್ಟ್ ರಾಯಲ್‌ಗೆ ಹೋಗಿ ಗಾಯಾಳುಗಳ ಆರೈಕೆ ಮಾಡಿದಳು, ಬೇರುಗಳಿಂದ ಕಷಾಯ ಕಾಸಿ ಭೇದಿ ಹತ್ತಿದ ಸೈನಿಕರಿಗೆ ಕೊಟ್ಟಳು. ಆಮೇಲೆ ಗೂಢಚಾರಿಣಿಯಾದಳು. 1863ರ ಜೂನ್ 2ರಂದು ಕರ್ನಲ್ ಮಾಂಟ್‌ಗೊಮರಿಯ ಕರಿಯ ಸೈನಿಕರ ಜೊತೆ ಕಂಬಾಹಿ ನದಿಯ ಮೇಲೆ ದೋಣಿಗಳಲ್ಲಿ ಹೋದ ದಾಳಿಗೆ ಆಕೆ ಕಲೆಹಾಕಿದ ಮಾಹಿತಿಯೇ ಆಧಾರ. ಒಂದೇ ರಾತ್ರಿ ಬೆಳಗಾಗುವುದರೊಳಗೆ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಯಾದರು.

ಇಷ್ಟಕ್ಕೆ ಸರ್ಕಾರ ಕೊಟ್ಟದ್ದೇನು? ಮೂರು ವರ್ಷದ ದುಡಿಮೆಗೆ ಸುಮಾರು 200 ಡಾಲರ್. ಯುದ್ಧ ಮುಗಿಸಿ ಮನೆಗೆ ಬರುವಾಗ ರೈಲಿನ ಕಂಡಕ್ಟರ್ ಆಕೆಯನ್ನು ಬೋಗಿಯಿಂದ ಎಳೆದು ಸಾಮಾನಿನ ಡಬ್ಬಿಗೆ ತಳ್ಳಿದ, ಕೈ ಮುರಿಯಿತು. ಪಿಂಚಣಿಗೆ ಮೂವತ್ತು ವರ್ಷ ಅಲೆದಳು. 1895ರಲ್ಲಿ ಸಿಕ್ಕಿದ್ದು ಎರಡನೇ ಗಂಡ, ಮಾಜಿ ಸೈನಿಕ ನೆಲ್ಸನ್ ಡೇವಿಸ್‌ನ ವಿಧವೆ ಅನ್ನೋ ಲೆಕ್ಕದಲ್ಲಿ, ತಿಂಗಳಿಗೆ 8 ಡಾಲರ್. 1899ರಲ್ಲಿ ಅದು 20 ಆಯಿತು, ಅದೂ ನರ್ಸ್ ಆಗಿದ್ದಕ್ಕೆ. ಗೂಢಚಾರಿಕೆಗೆ ಲೆಕ್ಕವೇ ಇಲ್ಲ. ಹೆಂಗಸಿನ ದುಡಿಮೆಯನ್ನು ಸೇವೆ ಅಂತ ಕರೆದು ಕೈತೊಳೆದುಕೊಳ್ಳೋದನ್ನು ನಮ್ಮ ಆಶಾ ಕಾರ್ಯಕರ್ತೆಯರೂ ಬಲ್ಲರು.

ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನಲ್ಲಿ ನೆಲೆಸಿ, ಅಪ್ಪ ಅಮ್ಮನನ್ನು ಸಾಕಿದಳು, ಬಾಗಿಲಿಗೆ ಬಂದವರಿಗೆಲ್ಲ ಅನ್ನ ಹಾಕಿದಳು, ಹೆಂಗಸರ ಮತದಾನದ ಹಕ್ಕಿಗಾಗಿ ವೇದಿಕೆ ಹತ್ತಿದಳು. 1890ರ ದಶಕದ ಕೊನೆಗೆ ತಲೆಯೊಳಗಿನ ನೋವು, ಗುಂಯ್‌ಗುಡುವಿಕೆ ಎಷ್ಟಾಯಿತೆಂದರೆ ನಿದ್ದೆಯೇ ಹೋಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ತಾನೇ ಹೋಗಿ, ತಲೆ ತೆರೆದು ನೋಡಿ ಅಂತ ಕೇಳಿಕೊಂಡಳು. ಆಕೆಯೇ ಹೇಳಿಕೊಂಡಂತೆ, ಅರಿವಳಿಕೆ ಬೇಡ ಅಂದು, ಕಾಲು ಕತ್ತರಿಸುವಾಗ ಸೈನಿಕರು ಮಾಡುತ್ತಿದ್ದ ಹಾಗೆ ಗುಂಡು ಕಚ್ಚಿಕೊಂಡು ಮಲಗಿದಳು. ಆಮೇಲೆ ಸ್ವಲ್ಪ ಆರಾಮಾಯಿತು ಅಂತಲೂ ಹೇಳಿದಳು. ಬಕ್‌ಟೌನ್ ಅಂಗಡಿಯ ಆ ಪೆಟ್ಟಿಗೆ ಮೊದಲ ಚಿಕಿತ್ಸೆ ಸಿಕ್ಕಿದ್ದು ಅರವತ್ತು ವರ್ಷ ಕಳೆದ ಮೇಲೆ.

1908ರಲ್ಲಿ ವಯಸ್ಸಾದ, ಯಾರೂ ಇಲ್ಲದ ಕರಿಯರಿಗಾಗಿ ಆಕೆ ಕನಸಿದ್ದ ಮನೆ ಆಬರ್ನ್‌ನಲ್ಲಿ ತೆರೆಯಿತು. 1913ರ ಮಾರ್ಚ್ 10ರಂದು ನ್ಯುಮೋನಿಯಾದಿಂದ ಆ ಮನೆಯಲ್ಲೇ ತೀರಿಕೊಂಡಳು. ಸುತ್ತ ತನ್ನವರಿದ್ದರು.

ಇಲ್ಲಿಗೆ ಬಂದರೆ

ಹ್ಯಾರಿಯೆಟ್‌ಗೆ ಇಲ್ಲದ ಎಷ್ಟೋ ಅನುಕೂಲ ಇವತ್ತು ನಮಗಿದೆ. ಸಿಟಿ ಸ್ಕ್ಯಾನ್, ಇಇಜಿ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನಮ್ಮ ಭಾಗದವರಿಗೆ ಅದು ಬಸ್ ದೂರ. ಸರಿಯಾಗಿ ಮಾತ್ರೆ ತಗೊಂಡರೆ ಮೂರ್ಛೆರೋಗ ಇರುವ ಹತ್ತರಲ್ಲಿ ಏಳು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ತಲೆಬುರುಡೆ ಒಳಕ್ಕೆ ತಗ್ಗಿದ್ದರೆ, ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮುಂದೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಗಾಯವಾದ ಮೊದಲ ವಾರ ಕೊಡುವ ಔಷಧಿ ಆ ವಾರದ ಫಿಟ್ಸ್ ತಡೆಯುತ್ತೆ, ವರ್ಷದ ನಂತರ ಬರೋದನ್ನು ತಡೆಯೋದಿಲ್ಲ. ಅದಕ್ಕೇ ತಲೆಗೆ ದೊಡ್ಡ ಪೆಟ್ಟು ಬಿದ್ದವರು ಹೊಲಿಗೆ ಬಿಚ್ಚಿಸಿದ ಮೇಲೂ ತಮ್ಮನ್ನು ಗಮನಿಸಿಕೊಳ್ಳಬೇಕು. ಸೆಳೆತ ಮಾತ್ರ ಅಲ್ಲ, ಕ್ಷಣಕಾಲ ದಿಟ್ಟಿಸಿ ನಿಲ್ಲೋದು, ಇಲ್ಲದ ವಾಸನೆ, ಮಾತು ಮಧ್ಯೆ ಕಡಿದುಹೋಗೋದು ಇದ್ದರೂ ವೈದ್ಯರಿಗೆ ಹೇಳಬೇಕು. ಹಳೇ ಪೆಟ್ಟಿನ ಚೀಟಿಯನ್ನೂ ತೋರಿಸಬೇಕು.

ಆದರೂ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್‌ನವರು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ವರದಿ ಓದಿದರೆ, ಹಳ್ಳಿಗಳಲ್ಲಿ ಮೂರ್ಛೆರೋಗ ನಗರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ನರರೋಗ ತಜ್ಞರು ಇರುವುದು ನಗರದಲ್ಲಿ, ರೋಗಿಗಳು ಹೆಚ್ಚಾಗಿ ಇರುವುದು ಹಳ್ಳಿಯಲ್ಲಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಿಟ್ಸ್ ಮಾತ್ರೆ ತಿಂಗಳು ತಿಂಗಳೂ ತಪ್ಪದೆ ಸಿಗುತ್ತಾ ಅಂತ ಗ್ರಾಮಸಭೆಯಲ್ಲಿ ಕೇಳಿದವರು ಎಷ್ಟು ಜನ? ಮಾತ್ರೆ ನಾಲ್ಕು ದಿನ ತಪ್ಪಿದರೆ ಫಿಟ್ಸ್ ವಾಪಸ್ ಬರಬಹುದು. ಅದು ರಸ್ತೆ, ಚರಂಡಿಯಷ್ಟೇ ರಾಜಕೀಯದ ಪ್ರಶ್ನೆ.

ಕಾನೂನನ್ನೂ ನೋಡಿ. 1999ರ ಕೊನೇವರೆಗೆ ನಮ್ಮ ಹಿಂದೂ ವಿವಾಹ ಕಾಯ್ದೆ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲೇ ಇಟ್ಟು, ಮತ್ತೆ ಮತ್ತೆ ಫಿಟ್ಸ್ ಬರುವವರು ಮದುವೆಗೆ ತಕ್ಕವರಲ್ಲ ಅನ್ನುತ್ತಿತ್ತು. ರೋಗಿಗಳು, ವೈದ್ಯರು ವರ್ಷಗಟ್ಟಲೆ ಕೇಳಿದ ಮೇಲೆ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಪುಸ್ತಕದಿಂದ ಹೋಯಿತು, ಮನೆ ಜಗಲಿಯ ಮಾತಿನಿಂದ ಹೋಗಿಲ್ಲ. ಇವತ್ತಿಗೂ ಹೆಣ್ಣುಮಕ್ಕಳ ಮಾತ್ರೆ ಡಬ್ಬಿ ಬೀರುವಿನ ಬಟ್ಟೆ ಕೆಳಗಿರುತ್ತೆ. ಮದುವೆಯಾದ ಹೊಸದರಲ್ಲಿ ಗೊತ್ತಾಗಬಾರದು ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ, ಅಲ್ಲೇ ಅಪಾಯ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಮೂರ್ಛೆರೋಗದ ಹೆಸರಿಲ್ಲ. ಕೆಲಸ ಕಳೆದುಕೊಂಡವರು ಯಾವ ಕದ ತಟ್ಟಬೇಕು?

ಕಾಯ್ದೆ ಬದಲಿಸೋಕೆ ಹೋರಾಟ ಬೇಕು, ಸಮಯ ಬೇಕು. ಬಸ್ ಸ್ಟಾಪಿನಲ್ಲಿ ಬಿದ್ದವರ ಪಕ್ಕ ಕೂರೋಕೆ ಏನೂ ಬೇಡ. ಬೀಗದ ಕೈ ಬೇಡ, ಚಪ್ಪಲಿ ಬೇಡ, ಬಾಯಿಗೆ ಚಮಚ ತುರುಕೋದು ಬೇಡವೇ ಬೇಡ, ಕೈಕಾಲು ಒತ್ತಿ ಹಿಡಿಯೋದೂ ಬೇಡ. ಸುತ್ತ ಇರುವ ಕಲ್ಲು, ಬೈಕು ಸರಿಸಿ. ತಲೆ ಕೆಳಗೆ ಟವೆಲ್ ಇಡಿ. ಕುತ್ತಿಗೆ ಬಳಿ ಬಟ್ಟೆ ಸಡಿಲ ಮಾಡಿ, ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ.

ಆಮೇಲೆ ಅವರು ಕಣ್ಣುಬಿಟ್ಟು, ತಾವೆಲ್ಲಿದ್ದೀವಿ ಅಂತ ತಿಳಿಯುವ ತನಕ ಕಾಯಿರಿ. ಎದ್ದಮೇಲೆ ಮನೆ ತನಕ ಜೊತೆಗೆ ಹೋಗಿ. ಮರುದಿನ ಎಂದಿನಂತೆ ಕೆಲಸಕ್ಕೆ ಕರೆಯಿರಿ. ಮೇರಿಲ್ಯಾಂಡಿನ ಕಾಡಿನಲ್ಲಿ, ಹೆಸರೂ ದಾಖಲಾಗದ ಎಷ್ಟೋ ಜನ ಇಷ್ಟನ್ನೇ ಮಾಡಿದ್ದು.